ಮನೆ ಪಕ್ಕದ ರಿಪೇರಿ ಶೆಡ್ಡು: ದುಡ್ಡೂ ಉಳೀಬೇಕು, ಚೆಂದಾನೂ ಕಾಣಬೇಕು

2021ರ ಜುಲೈನಲ್ಲಿ ಶೇಂಗಾ ಬಿತ್ತುವಾಗ ನಮ್ಮ ಕೂರಿಗೆಯ ಒಂದು ತಾಳು ಮುರಿಯಿತು. ಹದವಾದ ಮಳೆ ಬಿದ್ದು ಎರಡು ದಿನ ಆಗಿತ್ತು. ಒಂದು ಕಬ್ಬಿಣದ ಪಟ್ಟಿ, ಎರಡು ಬೋಲ್ಟು, ಬಿಗಿ ಹಿಡಿಯಲು ಒಂದು ವೈಸು ಇದ್ದಿದ್ದರೆ ಅರ್ಧ ಗಂಟೆಯ ಕೆಲಸ. ಇದ್ದ ಸುತ್ತಿಗೆ, ಪಾನಾ ಎಲ್ಲಿವೆ ಅಂತ ಹುಡುಕೋದೇ ಒಂದು ಹೊತ್ತು. ಪೇಟೆಗೆ ಹೊತ್ತುಕೊಂಡು ಹೋದರೆ ವೆಲ್ಡಿಂಗ್ ಅಂಗಡಿ ಮುಂದೆ ನನ್ನಂಥವರ ಸಾಲು. ಕೂರಿಗೆ ವಾಪಸ್ ಬಂದಾಗ ಹದ ಹಾರಿತ್ತು. ನಮ್ಮದು ಮಸಾರೆ ನೆಲ, ಬಿಸಿಲು ಗಾಳಿ ಎರಡು ದಿನ ಬಡಿದರೆ ಮೇಲ್ಮಣ್ಣಿನಲ್ಲಿ ತೇವ ಇರೋಲ್ಲ. ಆ ನಾಲ್ಕು ಎಕರೆಯಲ್ಲಿ ಹುಟ್ಟಿದ್ದು ಅಲ್ಲಲ್ಲಿ ಒಂದೊಂದು. ಆ ವರ್ಷ ಬೀಜದ ದುಡ್ಡೂ ಬರಲಿಲ್ಲ.

ಅವತ್ತೇ ಮನಸ್ಸು ಮಾಡಿದೆ, ಮನೆ ಪಕ್ಕದಲ್ಲೇ ಒಂದು ರಿಪೇರಿ ಶೆಡ್ಡು ಆಗಬೇಕು ಅಂತ. ಜಾಗ ಇದ್ದದ್ದು ಮನೆಯ ಬಲಗಡೆ, ರಸ್ತೆಗೆ ಕಾಣುವ ಹಾಗೆ. ನಮ್ಮ ಮನೆಯವಳು ಅಲ್ಲೇ ತಡೆದಳು. "ಮನೆ ಮುಂದೆ ಗುಜರಿ ಅಂಗಡಿ ಇಟ್ಟಂಗೆ ಕಾಣ್ತದೆ. ಮಗಳನ್ನ ನೋಡೋಕೆ ಬರೋರು ಮೊದ್ಲು ನೋಡೋದು ಅಂಗಳಾನೇ" ಅಂದಳು. ಮಗನಿಗೆ ಷಟರ್ ಬೇಕು, ಮೇಲೆ ಆರ್‌ಸಿಸಿ ಬೇಕು. ಪೇಟೆಯ ಮೇಸ್ತ್ರಿಯೊಬ್ಬರು ಅದಕ್ಕೆ 1 ಲಕ್ಷ 60 ಸಾವಿರ ಅಂದರು. ನನ್ನ ಕೈಲಿದ್ದದ್ದು ಕುರಿ ಮಾರಿದ 60 ಸಾವಿರ. ಸಾಲ ಮಾಡಿ ಶೆಡ್ಡು ಕಟ್ಟೋದಾದರೆ ಬೇಡವೇ ಬೇಡ ಅಂತ ನಾನು. ಇಬ್ಬರ ಮಾತೂ ತಪ್ಪಲ್ಲ, ನನ್ನದೂ ತಪ್ಪಲ್ಲ. ಹಾಗಾಗಿ ಒಂದು ತಿಂಗಳು ಬರೀ ಅಳತೆ ಹಾಕೋದರಲ್ಲೇ ಕಳೆಯಿತು. ಆ ತಿಂಗಳು ದಂಡ ಆಗಲಿಲ್ಲ.

ಅಳತೆ ಹಾಕುವಾಗ ಬರೀ ಕಾಗದದ ಮೇಲೆ ಹಾಕಬೇಡಿ. ನಾನು ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಕೂರಿಗೆ, ಕುಂಟೆ, ನೇಗಿಲು, ಟೈರ್ ಗಾಡಿ, ಔಷಧಿ ಹೊಡೆಯೋ ಪಂಪು ಎಲ್ಲ ಒಳಗೆ ತಂದಿಟ್ಟು ಸುತ್ತ ಓಡಾಡಿ ನೋಡಿದೆ. 12 ಅಡಿ ಅಗಲ, 18 ಅಡಿ ಉದ್ದ ಸಾಕು ಅಂತ ಗೊತ್ತಾಯಿತು. ಮಗ 20-30 ಅಂತಿದ್ದ. ಸುಮ್ಮನೆ ದೊಡ್ಡದು ಕಟ್ಟಿದರೆ ಅದರ ತುಂಬಾ ಹಳೇ ಚೀಲ, ಮುರುಕು ಮಂಚ ಸೇರಿಕೊಳ್ಳುತ್ತವೆ ಅಷ್ಟೇ.

ಬಾಗಿಲ ದಿಕ್ಕು ಪೂರ್ವಕ್ಕೇ ಇಟ್ಟೆ. ಇದಕ್ಕೆ ಶಾಸ್ತ್ರ ಕಾರಣ ಅಲ್ಲ. ನಮ್ಮ ಚಳ್ಳಕೆರೆ ಸೀಮೆಯಲ್ಲಿ ಮುಂಗಾರಿನ ಗಾಳಿ ಬೀಸೋದು ಪಶ್ಚಿಮದ ಕಡೆಯಿಂದ. 2016ರಲ್ಲಿ ಕೊಟ್ಟಿಗೆಗೆ ಹಾಕಿದ್ದ ತಗಡು, ಮೇಲೆ ಕಲ್ಲು ಹೇರಿದ್ದರೂ, ಒಂದು ಸಂಜೆ ಪಕ್ಕದ ಹೊಲಕ್ಕೆ ಹಾರಿ ಬಿತ್ತು. ಪುಣ್ಯಕ್ಕೆ ಎತ್ತು ಮೇಯಲು ಹೋಗಿದ್ದವು. ಆ ಕೊಟ್ಟಿಗೆ ಗಾಳಿಗೆ ಬಾಯಿ ತೆರೆದಿತ್ತು. ಮುಂದೆ ತೆರೆದ ಶೆಡ್ಡಿಗೆ ಗಾಳಿ ಒಳಗೆ ನುಗ್ಗಿ ಕೆಳಗಿನಿಂದ ಎತ್ತುತ್ತದೆ, ಮೇಲಿನಿಂದ ಹೋಗುವ ಗಾಳಿ ಎಳೆಯುತ್ತದೆ. ಕಲ್ಲು ಹೇರೋದು ಇದಕ್ಕೆ ಮದ್ದಲ್ಲ. ಈ ಸಲ ಗೋಡೆಯ ಮೇಲಿನ ಎರಡು ವರಸೆ ಬ್ಲಾಕು ಕಟ್ಟುವಾಗಲೇ ಕಾಂಕ್ರೀಟಿನಲ್ಲಿ ಸರಳು ಕೂರಿಸಿ, ಅದಕ್ಕೇ ಪೈಪು ವೆಲ್ಡ್ ಮಾಡಿಸಿದೆ. ಶೀಟನ್ನು ಗಾಳಿ ಬರುವ ಕಡೆಯಿಂದಲ್ಲ, ಗಾಳಿ ಹೋಗುವ ಕಡೆಯ ತುದಿಯಿಂದ ಹಾಕುತ್ತಾ ಬರಬೇಕು. ಆಗ ಒಂದರ ಮೇಲೊಂದು ಕೂರುವ ಅಂಚು ಗಾಳಿಗೆ ಬಾಯಿ ಬಿಡೋಲ್ಲ. ರಬ್ಬರ್ ವಾಷರ್ ಇರುವ ಸ್ಕ್ರೂವನ್ನು ಶೀಟಿನ ಉಬ್ಬಿನ ಮೇಲೇ ಹೊಡೆಸಿ. ತಗ್ಗಿನಲ್ಲಿ ಹೊಡೆದರೆ ನೀರು ಹರಿಯೋದೇ ಅಲ್ಲಿ, ಇವತ್ತಲ್ಲ ನಾಳೆ ಸೋರುತ್ತದೆ.

ಮಾಡಿಗೆ ಸಿಮೆಂಟ್ ಶೀಟು ಅಗ್ಗ ಅಂತ ಹೇಳಿದವರು ಬಹಳ ಜನ. ಆದರೆ ಅದರಲ್ಲಿ ಕಲ್ನಾರು ಇರುತ್ತದೆ, ಕೊರೆಯುವಾಗ ಕತ್ತರಿಸುವಾಗ ಏಳೋ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಅದರ ಕೆಳಗೇ ದಿನಾ ಕೆಲಸ ಮಾಡೋದು ಅಂದಮೇಲೆ ಬೇಡ ಅಂದೆ. ಬಣ್ಣದ ತಗಡಿನ ಶೀಟೇ ಹಾಕಿಸಿದೆ. ನಡುವೆ ಒಂದು ಮಾತ್ರ ಬೆಳಕು ಬಿಡುವ ಫೈಬರ್ ಶೀಟು. ಮುಂದೆ 10 ಅಡಿ ಎತ್ತರ, ಹಿಂದೆ 8 ಅಡಿ, ಒಂದೇ ಇಳಿಜಾರು. ಎರಡು ಇಳಿಜಾರಿನ ಮಾಡು ನೋಡೋಕೆ ಚೆಂದ, ಆದರೆ ಪೈಪೂ ಜಾಸ್ತಿ, ಕೂಲಿಯೂ ಜಾಸ್ತಿ.

ಇನ್ನು ಚೆಂದದ ಮಾತು. ನನಗೆ ಗೊತ್ತಾದದ್ದು, ನೋಟಕ್ಕೆ ಬೇಕಾದ್ದರಲ್ಲಿ ಅರ್ಧಕ್ಕೆ ದುಡ್ಡೇ ಬೇಡ. ಶೆಡ್ಡಿನ ಮುಂಗೋಡೆ ಮನೆಯ ಮುಂಗೋಡೆಯ ಗೆರೆಗೇ ಬರುವಂತೆ ದಾರ ಹಿಡಿದು ಪಾಯ ತೆಗೆಸಿದೆ. ಸೂರು ಮನೆಯ ಸೂರಿನ ಮಟ್ಟಕ್ಕೇ. ಇಷ್ಟಕ್ಕೇ ಅದು ಮನೆಗೆ ಸೇರಿದ್ದು ಅನ್ನಿಸಿಬಿಟ್ಟಿತು, ಆಮೇಲೆ ತಂದು ಅಂಟಿಸಿದ್ದು ಅನ್ನಿಸಲಿಲ್ಲ. ಮುಂದಿನ ಕಂಬಕ್ಕೆ ಕಬ್ಬಿಣದ ಪೈಪಿನ ಬದಲು ಬಿದ್ದುಹೋದ ಹಳೇ ಮನೆಯ ಮೂರು ಕಲ್ಲುಕಂಬ ನಿಲ್ಲಿಸಿದೆವು. ನಡುವೆ ಒಂದು ಕಂಡಿ 10 ಅಡಿ, ಗಾಡಿಗೆ. ಇನ್ನೊಂದು ಸಣ್ಣದು, ಕೆಲಸದ ಕಟ್ಟೆಗೆ. ಗೋಡೆ ಮೂರು ಅಡಿವರೆಗೂ ಹಳೇ ಸೈಜುಗಲ್ಲು, ಮೇಲೆ ಆರಿಂಚಿನ ಬ್ಲಾಕು. ಗಿಲಾವು ಮಾಡಿಸಿದ್ದು ರಸ್ತೆಗೆ ಕಾಣುವ ಎರಡು ಮುಖಕ್ಕೆ ಮಾತ್ರ. ಮನೆಗಿರುವ ಸುಣ್ಣವೇ ಇದಕ್ಕೂ, ಕೆಳಗೆ ಮನೆಗಿದ್ದ ಹಾಗೇ ಕೆಮ್ಮಣ್ಣಿನ ಪಟ್ಟೆ. ಪಟ್ಟೆ ಬಳಿದವಳು ಅವಳೇ. ಬಳಿದ ಮೇಲೆ ಗುಜರಿ ಮಾತು ನಿಂತಿತು.

ದುಡ್ಡು ಉಳಿಸಬಾರದ ಕಡೆ ಒಂದಿದೆ, ಅದು ನೆಲ. ನಾನು ಮೊದಲು ಮಣ್ಣು ಬಡಿದು ಬಿಡೋಣ ಅಂದುಕೊಂಡಿದ್ದೆ. ಗಾಡಿಗೆ ಜಾಕ್ ಕೊಟ್ಟು ನೋಡಿದಾಗ ಜಾಕು ಮಣ್ಣೊಳಗೆ ಇಳಿದು ಗಾಡಿ ವಾಲಿತು, ಕಾಲು ಸ್ವಲ್ಪದರಲ್ಲಿ ಉಳಿಯಿತು. ಆಮೇಲೆ ಗಾಡಿ ನಿಲ್ಲುವ ಕಡೆ ನಾಲ್ಕಿಂಚು ಕಾಂಕ್ರೀಟು ಹಾಕಿಸಿದೆ, ಮುಂದಕ್ಕೆ ಸ್ವಲ್ಪ ವಾಟ ಕೊಟ್ಟು. ನಮ್ಮದು ಗರಸು ನೆಲ ಆದ್ದರಿಂದ ಪಾಯ ಎರಡು ಅಡಿಗೇ ನಿಂತಿತು. ಎರೆ ಭೂಮಿಯವರು ಹೀಗೆ ಮಾಡಬೇಡಿ, ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಪಾಯ ಗಟ್ಟಿ ಸಿಗೋವರೆಗೂ ಇಳಿಸಬೇಕು.

ಕೆಲಸದ ಕಟ್ಟೆ ಬೆಳಕಿಗೆ ಹತ್ತಿರ, ಮುಂದಿನ ಸಣ್ಣ ಕಂಡಿಯ ಪಕ್ಕ. ಹಳೇ ತೊಲೆ ಸೀಳಿಸಿ ಮೂರಿಂಚಿನ ಹಲಗೆ ಮಾಡಿ ಬ್ಲಾಕಿನ ಕಾಲುಗಳ ಮೇಲೆ ಬೋಲ್ಟು ಹಾಕಿ ಕೂರಿಸಿದ್ದೇನೆ. ವೈಸಿನ ಬಾಯಿ ನಿಂತವನ ಮೊಣಕೈ ಮಟ್ಟಕ್ಕೆ ಬರಬೇಕು. ತಗ್ಗಾದರೆ ಅರ ಉಜ್ಜುವಾಗ ಸೊಂಟ ಹಿಡಿಯುತ್ತದೆ. ಪಾನಾ, ಇಕ್ಕಳ, ಉಳಿ, ಗರಗಸ ಎಲ್ಲ ಹಲಗೆಗೆ ಮೊಳೆ ಹೊಡೆದು ತೂಗುಹಾಕಿ, ಪ್ರತಿಯೊಂದರ ಸುತ್ತ ಇದ್ದಿಲಲ್ಲಿ ಗೆರೆ ಎಳೆದಿದ್ದೇವೆ. ಯಾವುದು ಜಾಗದಲ್ಲಿಲ್ಲ ಅಂತ ದೂರದಿಂದಲೇ ಕಾಣುತ್ತದೆ. ಊರೋರು ಎರವಲು ಒಯ್ದದ್ದೂ ನೆನಪಿರುತ್ತದೆ! ಕರೆಂಟು ಎಳೆಸುವಾಗ ಅರ್ತಿಂಗ್ ಮರೀಬೇಡಿ. ಮೇವನ್ನಂತೂ ಇಲ್ಲಿ ಇಡಲೇಬೇಡಿ, ಕಬ್ಬಿಣ ಉಜ್ಜುವ ಮಿಷನ್ನಿನ ಒಂದು ಕಿಡಿ ಸಾಕು.

2022ರ ಬೇಸಿಗೆಯಲ್ಲಿ ಆದ ಖರ್ಚು ಹೇಳುತ್ತೇನೆ. 250 ಬ್ಲಾಕಿಗೆ 9,500, 24 ಚೀಲ ಸಿಮೆಂಟಿಗೆ 9,600, ಮರಳು ಜಲ್ಲಿ 11,000, ಪೈಪು 14,500, ಶೀಟು ಸ್ಕ್ರೂ 17,000. ಮೇಸ್ತ್ರಿ ಮತ್ತು ಆಳಿಗೆ 16,000, ವೆಲ್ಡಿಂಗಿಗೆ 5,000, ಸುಣ್ಣ ಮತ್ತು ವೈರಿಂಗಿಗೆ 3,900. ಒಟ್ಟು 86,500. ಕಲ್ಲು, ಮರ ಮನೆಯದು. ಪಾಯ ತೋಡಿದ್ದು, ನೀರು ಹಾಕಿದ್ದು ನಾವೇ. ಕಡಿಮೆ ಬಿದ್ದದ್ದಕ್ಕೆ ಇನ್ನೂ ಆರು ಕುರಿ ಹೋದವು, ಸಾಲ ಆಗಲಿಲ್ಲ.

ಷಟರ್ ಇನ್ನೂ ಹಾಕಿಸಿಲ್ಲ. ಬೆಲೆ ಬಾಳೋ ಸಾಮಾನು ತಾತನ ಕಾಲದ ಹೊನ್ನೆ ಮರದ ಪೆಟ್ಟಿಗೆಯಲ್ಲಿ ಬೀಗದೊಳಗಿವೆ. ಆದರೆ ಕಂಬ ನಿಲ್ಲಿಸುವಾಗಲೇ ಷಟರಿಗೆ ಬೇಕಾದ ಕೊಂಡಿ ಬಿಡಿಸಿದ್ದೇನೆ. ಶೇಂಗಾ ದುಡ್ಡು ಬಂದ ವರ್ಷ ಮೊದಲು ಷಟರ್ ಅಂತಾನೆ ಮಗ, ಹಿಂದಿನ ಗೋಡೆಗೆ ಗಿಲಾವು ಅಂತಾಳೆ ಅವನವ್ವ. ಮಗಳನ್ನು ನೋಡಲು ಬಂದ ಬೀಗರು ಕಾಫಿ ಕುಡಿದದ್ದು ಶೆಡ್ಡಿನ ನೆರಳಲ್ಲೇ. ಅವರಲ್ಲೊಬ್ಬರು ಹೋಗುವಾಗ ನನ್ನ ಪಾನಾ ಒಂದನ್ನ ಎರವಲು ಕೇಳಿ ಒಯ್ದರು. ಆ ಗೆರೆ ಇನ್ನೂ ಖಾಲಿ ಇದೆ.