ಎದುರುಬಿಸಿಲಿಗೆ ಒಂದು ಮರೆ

ಬೆಳಗ್ಗೆ ಮೈಸೂರಿನಿಂದ ಬೆಂಗಳೂರಿಗೆ ಕಾರು ನಡೆಸುವಾಗ ಎದುರುಬಿಸಿಲು ಕಣ್ಣು ಕೋರೈಸುವುದನ್ನು ತಾವೂ ಅನುಭವಿಸಿರಬಹುದು. ಆ ಒಂದು ಕ್ಷಣದಲ್ಲಿ ರಸ್ತೆ ದಾಟುವ ಮಗುವೂ ಕಾಣದೆ ಹೋದೀತು. ಕಾರಿನೊಳಗಿನ ಬಿಸಿಲುಮರೆ ಸೂರ್ಯನನ್ನೇನೋ ಮರೆಸುತ್ತದೆ. ರಸ್ತೆಯಿಂದ ಪುಟಿದೇಳುವ ಬೆಳಕನ್ನು ತಡೆಯದು. ಹೀಗೆ ಪುಟಿದ ಬೆಳಕು ಬಹುಮಟ್ಟಿಗೆ ಅಡ್ಡಡ್ಡಲಾಗಿ ಕಂಪಿಸುತ್ತದೆ. ಪೋಲರಾಯ್ಡ್ ಹಾಳೆ ಆ ಅಡ್ಡಕಂಪನವನ್ನು ಸೋಸಿ, ಉಳಿದುದನ್ನು ಕಣ್ಣಿಗೆ ಬಿಡುತ್ತದೆ. ಆದುದರಿಂದ ಬಿಸಿಲುಮರೆಯ ಅಂಚಿಗೆ ಅಂಥ ಹಾಳೆಯ ಮಡಿಸುವ ಪಟ್ಟಿಯೊಂದನ್ನು ಸಿಕ್ಕಿಸಿಕೊಳ್ಳುವುದು ಲೇಸು.

ಆದರೆ ಗಾಜಿಗೇ ಕಪ್ಪು ಹಾಳೆ ಅಂಟಿಸಬೇಡಿ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಮುಂಗಾಜು ಶೇಕಡ 70ರಷ್ಟಾದರೂ ಬೆಳಕನ್ನು ಒಳಗೆ ಬಿಡಬೇಕು. ಗಾಜಿನ ಒಳಮೈಯ ಧೂಳನ್ನೂ ಒರೆಸಿರಿ. ಧೂಳು ಬೆಳಕನ್ನು ಚೆದರಿಸುತ್ತದೆ. ಸಂಜೆಗತ್ತಲು ಕವಿಯುತ್ತಲೇ ಪಟ್ಟಿಯನ್ನು ಮಡಿಸಿಬಿಡಿ. ಹಗಲಿನ ಮರೆ ಇರುಳಿನ ಕುರುಡಾಗಬಾರದು.