ಉಗುರಿನಷ್ಟು ಕಾರ್ಡು ನುಂಗಿದ ಅಪ್ಪನ ಹಾಡು!

ನಿಮ್ಮ ಜೇಬಿನಲ್ಲೂ ಒಂದು ಹಾಡಿನ ಡಬ್ಬಿ ಇದೆಯಾ? ಹಾಗಾದರೆ ಬಸ್ಸು ಹೊರಡುವುದರೊಳಗೆ ಇದನ್ನು ಓದಿ ಮುಗಿಸಿಬಿಡಿ. ನನಗಾದದ್ದು ನಿಮಗಾಗಬಾರದು!

ನಮ್ಮಪ್ಪ ಊರಿನ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದರು. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಅಣ್ಣಾವ್ರು ಎಮ್ಮೆ ಮೇಲೆ ಕೂತು ಸ್ವಂತ ಕಂಠದಲ್ಲಿ ಹಾಡಿದ್ದರಲ್ಲ, ಆ ಹಾಡು ಆಗದೆ ಅಪ್ಪನನ್ನು ಸ್ಟೇಜಿನಿಂದ ಇಳಿಯೋಕೆ ಬಿಡ್ತಿರಲಿಲ್ಲ ಜನ. ಷಿಳ್ಳೆಯೋ ಷಿಳ್ಳೆ! 1986ರಲ್ಲಿ ಯಾರೋ ಪುಣ್ಯಾತ್ಮರು ಅದನ್ನೆಲ್ಲ 60 ನಿಮಿಷದ ಒಂದು ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿಕೊಟ್ಟರು. ಅಪ್ಪ ಹೋದ ಮೇಲೆ ನಮಗೆ ಉಳಿದ ಅವರ ದನಿ ಅದೊಂದೇ.

2013ರಲ್ಲಿ ನನ್ನ ಕೈಗೆ ಒಂದು ಎಂಪಿ3 ಪ್ಲೇಯರ್ ಬಂತು. ಬೆಂಕಿಪೊಟ್ಟಣದಷ್ಟು ಪುಟ್ಟದು. 1979ರಲ್ಲಿ ಬಂದ ಸೋನಿ ವಾಕ್‌ಮನ್ನಿಗೆ ಒಂದು ಸಲಕ್ಕೆ ಒಂದೇ ಕ್ಯಾಸೆಟ್ಟು. 1998ರಲ್ಲಿ ಕೊರಿಯಾದವರು ಹೊರತಂದ 'ಎಂಪಿಮ್ಯಾನ್'ಗೆ 32 ಎಂಬಿ ಜಾಗ. ಎಂಟು ಹಾಡು ತುಂಬಿದರೆ ಹೌಸ್‌ಫುಲ್! ನನ್ನ ಡಬ್ಬಿಗಾದರೋ 32 ಜಿಬಿವರೆಗೆ ಕಾರ್ಡು ಹಾಕಬಹುದಿತ್ತು. 128 ಕೆಬಿಪಿಎಸ್ ಹಾಡಿಗೆ ನಿಮಿಷಕ್ಕೆ ಹತ್ತಿರಹತ್ತಿರ 1 ಎಂಬಿ ಬೇಕು. ನಾಲ್ಕು ನಿಮಿಷದ ಹಾಡಾದರೆ ಸುಮಾರು 8000 ಹಾಡು! ನಿದ್ದೆ ಬರುತ್ತೇನ್ರೀ?

ಒಂದು ಬಸ್‌ಸ್ಟ್ಯಾಂಡಿನ ಎದುರು ಫುಟ್‌ಪಾತಿನಲ್ಲಿ 32 ಜಿಬಿ ಕಾರ್ಡು ಸಿಕ್ಕಿತು. ಅಂಗಡಿಯವರು ಹೇಳಿದ ರೇಟಿನ ಕಾಲುಭಾಗ. ಬಿಲ್ಲಿಲ್ಲ, ಗ್ಯಾರಂಟಿ ಇಲ್ಲ. ಗೆದ್ದೆ ಅಂದುಕೊಂಡೆ!

ಅಪ್ಪನ ಕ್ಯಾಸೆಟ್ಟಿನ 'ಎ' ಸೈಡನ್ನು ಗೆಳೆಯನೊಬ್ಬ ಮೊದಲೇ ಕಂಪ್ಯೂಟರಿಗೆ ಇಳಿಸಿ, ನನ್ನ ಹಳೆಯ 2 ಜಿಬಿ ಕಾರ್ಡಿಗೆ ಹಾಕಿಕೊಟ್ಟಿದ್ದ. 'ಬಿ' ಸೈಡು ಹೊಸ ಕಾರ್ಡಿಗೆ. 'ನಾಗರಹಾವು', 'ಗೀತಾ', 'ಪ್ರೇಮಲೋಕ' ಅಂತ 2500 ಹಾಡು ತುಂಬಿ, ಕಟ್ಟಕಡೆಗೆ ಅಪ್ಪನನ್ನು ಸೇರಿಸಿದೆ. ಗೆಳೆಯ ತನ್ನ ಕಂಪ್ಯೂಟರಿನಿಂದ ಅಳಿಸಿದ. ನಾನು ಮನೆಯ ಕ್ಯಾಸೆಟ್ಟುಗಳನ್ನೆಲ್ಲ ಕೈಯಾರೆ ಗುಜರಿಗೆ ಹಾಕಿದೆ.

ಆ ರಾತ್ರಿ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಬಟನ್ ಒತ್ತಿದೆ. ಪರದೆಯ ಮೇಲೆ ಅಪ್ಪನ ಹೆಸರು ಬಂತು... ದನಿ ಬರಲಿಲ್ಲ. ಇನ್ನೊಮ್ಮೆ ಒತ್ತಿದೆ. ಉಹುಂ!

ಆಮೇಲೆ ಗೆಳೆಯ ಪರೀಕ್ಷೆ ಮಾಡಿ ಗುಟ್ಟು ಒಡೆದ. ಕಾರ್ಡಿನೊಳಗೆ ನಿಜವಾಗಿ ಇದ್ದದ್ದು 4 ಜಿಬಿ. ಕಾರ್ಡಿನಲ್ಲಿ ಕಂಟ್ರೋಲರ್ ಅಂತ ಒಂದು ಚಿಪ್ಪು ಇರುತ್ತೆ. ಅದಕ್ಕೆ 32 ಅಂತ ಸುಳ್ಳು ಹೇಳಲು ಕಲಿಸಿರುತ್ತಾರೆ. 400 ಸೀಟಿನ ಥಿಯೇಟರಿಗೆ 3200 ಟಿಕೆಟ್ ಹರಿದ ಹಾಗೆ! ಹಾಡಿನ ಹೆಸರುಗಳ ಪಟ್ಟಿ ಶುರುವಿನಲ್ಲೇ ಕೂತಿರುವುದರಿಂದ ಹೆಸರು ಕಾಣುತ್ತೆ, ಹಾಡು ಇರಲ್ಲ. ಬರೆದೇ ಇಲ್ಲದ್ದನ್ನು ಯಾವ ರಿಕವರಿ ಸಾಫ್ಟ್‌ವೇರೂ ವಾಪಸ್ ತರಲಾರದು.

ಹಾಗಾದರೆ ಕಾರ್ಡು ಕೊಳ್ಳೋದು ಹೇಗೆ ಅಂತೀರಾ? ಕೇಳಿ.

ಬಿಲ್ಲು ಕೊಡುವ ಕಡೆ ಕೊಳ್ಳಿ. ತಂದ ದಿನವೇ ಪರೀಕ್ಷೆ ಮಾಡಿ. 'ಎಚ್‌2ಟೆಸ್ಟ್‌ಡಬ್ಲ್ಯೂ' ಎಂಬ ಪುಕ್ಕಟೆ ಪ್ರೋಗ್ರಾಮು ಇದೆ. ಕಾರ್ಡಿನ ಪೂರ್ತಿ ಬರೆದು, ತಿರುಗಿ ಓದಿ, ಸುಳ್ಳಿದ್ದರೆ ಹೇಳಿಬಿಡುತ್ತೆ. ಗಂಟೆಗಟ್ಟಲೆ ಹಿಡಿದರೂ ಬೇಸರ ಬೇಡ. 32ರ ಕಾರ್ಡು ಕಂಪ್ಯೂಟರಿನಲ್ಲಿ 29 ಚಿಲ್ಲರೆ ತೋರಿಸಿದರೆ ಮಾತ್ರ ಗಾಬರಿಯಾಗಬೇಡಿ. ಕಂಪನಿಯದು 1000ದ ಲೆಕ್ಕ, ಕಂಪ್ಯೂಟರಿನದು 1024ರ ಲೆಕ್ಕ. ಅದು ಮೋಸವಲ್ಲ.

ಹಳೆಯ ಪ್ಲೇಯರಿಗೆ 'ಎಸ್‌ಡಿಎಚ್‌ಸಿ' ಗುರುತಿನ ಕಾರ್ಡೇ ಸಾಕು. ಅದು 32 ಜಿಬಿಗೆ ಮುಗಿಯುತ್ತೆ. ಅದಕ್ಕಿಂತ ದೊಡ್ಡದು 'ಎಸ್‌ಡಿಎಕ್ಸ್‌ಸಿ'. ಬರುವಾಗಲೇ ಎಕ್ಸ್‌ಫ್ಯಾಟ್ ರೀತಿಯಲ್ಲಿ ಸಿದ್ಧವಾಗಿರುತ್ತೆ, ಎಷ್ಟೋ ಹಳೆಯ ಡಬ್ಬಿಗಳು ಅದನ್ನು ಓದಲ್ಲ. ಇನ್ನು ವೇಗ? ಹಾಡು ಕೇಳೋದಕ್ಕೆ ಅದರ ಮೇಲೆ ದುಡ್ಡು ಸುರಿಯಬೇಡಿ. 320 ಕೆಬಿಪಿಎಸ್ ಹಾಡೂ ಸೆಕೆಂಡಿಗೆ 40 ಕೆಬಿ ಮಾತ್ರ ಕೇಳುತ್ತೆ. ಕ್ಲಾಸ್ 4 ಕಾರ್ಡು ಕನಿಷ್ಠ 4 ಎಂಬಿ ಬರೆಯುತ್ತೆ. ಜಾಸ್ತಿ ವೇಗ ಬೇಕಾದದ್ದು ವಿಡಿಯೋ ತೆಗೆಯೋರಿಗೆ.

ಎಲ್ಲಕ್ಕಿಂತ ದೊಡ್ಡ ಮಾತು: ಅಸಲಿ ಕಾರ್ಡನ್ನೂ ಪೂರ್ತಿ ನಂಬಬೇಡಿ. ಅದರೊಳಗೆ ಹಾಡು ನಿಂತಿರುವುದು ಚೂರು ವಿದ್ಯುತ್ತಿನ ರೂಪದಲ್ಲಿ. ವರ್ಷಾನುಗಟ್ಟಲೆ ಡ್ರಾಯರಿನಲ್ಲಿ ಬಿದ್ದಿದ್ದರೆ ಅದು ಸೋರಿಹೋಗಬಹುದು. ಸಿನಿಮಾ ಹಾಡು ಹೋದರೆ ಇನ್ನೊಂದು ಕಡೆ ಸಿಗುತ್ತೆ. ಮನೆಯವರ ದನಿ ಸಿಗಲ್ಲ.

ನನ್ನ 'ಎ' ಸೈಡು ಇವತ್ತು ಮೂರು ಕಡೆ ಭದ್ರವಾಗಿದೆ. ಅದರ ಕೊನೆಯಲ್ಲಿ ಅಪ್ಪ ಮೈಕಿಗೆ ಕೆಮ್ಮಿ, "ಈಗ ನಿಮ್ಮೆಲ್ಲರ ಮೆಚ್ಚಿನ ಹಾಡು" ಅನ್ನುತ್ತಾರೆ. ಷಿಳ್ಳೆ ಕೇಳುತ್ತೆ. ಅಲ್ಲಿಗೆ ಟೇಪು ಮುಗಿಯುತ್ತೆ. ಎಮ್ಮೆ ಹಾಡು ಇದ್ದದ್ದು 'ಬಿ' ಸೈಡಿನಲ್ಲಿ!

ನಿಮ್ಮ ಮನೆಯ ಅಟ್ಟದ ಮೇಲೆ ಅಂಥ ಕ್ಯಾಸೆಟ್ಟು ಇದ್ದರೆ ಈ ಭಾನುವಾರವೇ ಇಳಿಸಿಕೊಳ್ಳಿ. ಎರಡು ಕಡೆ ಕಾಪಿ ಇಡಿ. ಎರಡನ್ನೂ ಕೊನೆಯ ತನಕ ಕೇಳಿ. ಕೇಳಿದ ಮೇಲೂ ಕ್ಯಾಸೆಟ್ಟನ್ನು ಗುಜರಿಗೆ ಹಾಕಬೇಡಿ.