ತಲೆಗೆ ಒಳಪೆಟ್ಟು ಬಿದ್ದ ಹುಡುಗರಿಗೆ ಧ್ಯಾನದ ಆ್ಯಪ್: ಯಾವಾಗ ಬೇಕು, ಯಾವಾಗ ಬ್ಯಾಡ?

ಕೊಣ್ಣೂರ: ಕಬಡ್ಡಿ ಆಡುವಾಗ ಬಿದ್ದ, ಬೈಕ್ ಸ್ಕಿಡ್ ಆಯ್ತು, ಕುಸ್ತಿಯೊಳಗ ತಲಿ ನೆಲಕ್ಕ ಬಡೀತು. ರಕ್ತ ಬರಲಿಲ್ಲ ಅಂದ್ರ ನಮ್ಮ ಕಡೆ ಒಂದೇ ಮಾತು: "ಏನೂ ಆಗಿಲ್ಲ, ಏಳಲೇ." ಮರುದಿನ ಹುಡುಗ ಮತ್ತೆ ಮೈದಾನದಲ್ಲಿ, ಇಲ್ಲಾ ಅಂಗಡಿ ಗಲ್ಲಾ ಮುಂದೆ. ಆದರೆ ಹೊರಗೆ ಗಾಯ ಇಲ್ಲದಿದ್ದರೂ ಒಳಗೆ ಮಿದುಳಿಗೆ ಪೆಟ್ಟಾಗಿರಬಹುದು. ಡಾಕ್ಟರ್‌ಗಳು ಇದಕ್ಕೆ ಕನ್‌ಕಶನ್ ಅಂತಾರೆ.

ಸ್ಕ್ಯಾನ್ ನಾರ್ಮಲ್, ಆದ್ರೂ ತಲೆನೋವು ಯಾಕೆ?
ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ, ಎಲುಬು ಮುರಿತ ಕಾಣುತ್ತದೆ. ಮಿದುಳು ಅಲುಗಾಡಿ ಅದರ ಕೆಲಸ ಏರುಪೇರಾದದ್ದು ಸಾಮಾನ್ಯವಾಗಿ ಕಾಣುವುದಿಲ್ಲ. ತಲೆನೋವು, ತಲೆಸುತ್ತು, ಬೆಳಕು-ಸಪ್ಪಳ ತಡೆಯಲಾಗದಿರುವುದು, ಮರೆವು, ಸಿಟ್ಟು, ನಿದ್ದೆಗೇಡು ಇದರ ಲಕ್ಷಣ. ಹೆಚ್ಚಿನ ಮಕ್ಕಳು 4 ವಾರದೊಳಗೆ ಸುಧಾರಿಸುತ್ತಾರೆ. ಕೆಲವರಿಗೆ ಇನ್ನೂ ತಡವಾಗುತ್ತದೆ. ಆಗ "ನನ್ನ ತಲಿ ಇನ್ನ ಸರಿ ಆಗೂದಿಲ್ಲೇನು?" ಎಂಬ ಚಿಂತೆ ಹತ್ತುತ್ತದೆ. ಚಿಂತೆಯಿಂದ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ತಲೆನೋವು ಹೆಚ್ಚುತ್ತದೆ.

ಆ್ಯಪ್ ಏನು ಮಾಡುತ್ತೆ?
ಉಸಿರಿನ ಮೇಲೆ ಗಮನ ಇಟ್ಟು ಕೂರುವ ಮೈಂಡ್‌ಫುಲ್‌ನೆಸ್ ಅಭ್ಯಾಸವನ್ನು ಅಮೆರಿಕದ ಜಾನ್ ಕಬಾಟ್-ಜಿನ್ 1979ರಲ್ಲಿ ಆಸ್ಪತ್ರೆಗೆ ತಂದರು. ಈಗ ಅದೇ ಅಭ್ಯಾಸ ಮೊಬೈಲ್‌ನಲ್ಲಿ ಐದು-ಹತ್ತು ನಿಮಿಷದ ಧ್ವನಿಯಾಗಿ ಸಿಗುತ್ತದೆ. ಪೆಟ್ಟು ತಿಂದ ಮಕ್ಕಳಿಗೆ ಇದು ಎಷ್ಟು ಉಪಯೋಗ ಎಂದು ಕೆನಡಾ, ಅಮೆರಿಕದ ಸಂಶೋಧಕರು ಪರೀಕ್ಷೆ ಮಾಡುತ್ತಿದ್ದಾರೆ. ಇದು ಚಿಂತೆ ಇಳಿಸಿ ನಿದ್ದೆಗೆ ನೆರವಾಗಬಹುದು. ಪೆಟ್ಟನ್ನೇ ವಾಸಿ ಮಾಡುವ ಔಷಧ ಅಲ್ಲ.

ಮೊದಲ 2 ದಿನ ಮೊಬೈಲ್ ದೂರ
ಆ್ಯಪ್ ಇರುವುದೇ ಮೊಬೈಲ್‌ನಲ್ಲಿ, ತೊಡಕು ಇಲ್ಲೇ ಇದೆ. 12ರಿಂದ 25 ವರ್ಷದ 125 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಮೊದಲ 48 ಗಂಟೆ ಸ್ಕ್ರೀನ್ ಬಿಟ್ಟವರಲ್ಲಿ ಅರ್ಧದಷ್ಟು ಮಂದಿ ಮೂರೂವರೆ ದಿನದೊಳಗೆ ಚೇತರಿಸಿಕೊಂಡರು. ನೋಡಲು ಬಿಟ್ಟವರಲ್ಲಿ ಅಷ್ಟೇ ಮಂದಿ ಚೇತರಿಸಿಕೊಳ್ಳಲು 8 ದಿನ ಬೇಕಾಯಿತು.

ಹಂಗಾಗಿ ಹೀಗೆ ಮಾಡ್ರಿ:
- ಮೊದಲ 2 ದಿನ ವಿಶ್ರಾಂತಿ, ಮೊಬೈಲ್-ಟಿವಿ ಬ್ಯಾಡ. ಕತ್ತಲ ಕೋಣೆಯಲ್ಲಿ ಮಲಗಿಸಿಯೇ ಇಡಬೇಕಿಲ್ಲ, ಮನೆಯಲ್ಲಿ ಅಡ್ಡಾಡಬಹುದು.
- ಆಮೇಲೆ ಆ್ಯಪ್ ಹಚ್ಚಿಕೊಟ್ಟು ಮೊಬೈಲ್ ಬೋರಲು ಇಡ್ರಿ. ಸಣ್ಣ ಧ್ವನಿ, 5 ನಿಮಿಷ ಸಾಕು. ತಲೆನೋವು ಹೆಚ್ಚಾದರೆ ನಿಲ್ಲಿಸಿ.
- ಇಂಗ್ಲಿಷ್ ತಿಳಿಯದಿದ್ದರೆ ಆ್ಯಪ್ ಬೇಕಂತಿಲ್ಲ. ಕಣ್ಣು ಮುಚ್ಚಿ 1ರಿಂದ 10ರ ತನಕ ಉಸಿರು ಎಣಿಸಿದರೂ ಅದೇ ಅಭ್ಯಾಸ.
- ಮೊದಲು ಶಾಲೆ, ಆಮೇಲೆ ಆಟ. ಡಾಕ್ಟರ್ ಒಪ್ಪದೆ ಮೈದಾನಕ್ಕೆ, ಅಖಾಡಕ್ಕೆ ಇಳಿಸಬ್ಯಾಡ್ರಿ. ವಾಸಿಯಾಗುವ ಮೊದಲೇ ಎರಡನೇ ಪೆಟ್ಟು ಬಿದ್ದರೆ ಜೀವಕ್ಕೇ ಅಪಾಯ ಆಗಬಹುದು.

ಇವು ಕಂಡರೆ ತಡ ಬ್ಯಾಡ
ಮೇಲಿಂದ ಮೇಲೆ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಏರುತ್ತಲೇ ಇರುವ ತಲೆನೋವು, ಮಾತು ತೊದಲುವುದು, ಕೈಕಾಲು ಸೋಲುವುದು, ಕಿವಿ-ಮೂಗಿನಿಂದ ರಕ್ತ ಅಥವಾ ನೀರು ಬರುವುದು. ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಘಟಪ್ರಭಾ ಇರಲಿ, ಗೋಕಾಕ ಇರಲಿ, ಹತ್ತಿರದ ಆಸ್ಪತ್ರೆಗೆ ಮೊದಲು ಮುಟ್ಟಿಸಿ.

ಅಂಗಡಿಯವರಿಗೆ ಒಂದು ಮಾತು
ಬೈಕ್‌ನಿಂದ ಬಿದ್ದು ಬಂದ ಕೆಲಸದ ಹುಡುಗ ಚಿಲ್ಲರೆ ತಪ್ಪಿಸಿದರೆ, ಹೇಳಿದ್ದು ಮರೆತರೆ, ಲೈಟಿನ ಬೆಳಕಿಗೆ ಕಣ್ಣು ಮುಚ್ಚಿಕೊಂಡರೆ ಅದು ಮೈಗಳ್ಳತನ ಅಲ್ಲದಿರಬಹುದು. ಬೈಯುವ ಮೊದಲು "ತಲಿಗೆ ಪೆಟ್ಟು ಬಿದ್ದಿತ್ತೇನಪಾ?" ಅಂತ ಕೇಳ್ರಿ. ಎರಡು ದಿನ ಸೂಟಿ ಕೊಟ್ಟು ಡಾಕ್ಟರ್ ಕಡೆ ಕಳಿಸ್ರಿ.

ಪೆಟ್ಟಿನ ನಂತರ ಚಿಂತೆ, ಬೇಸರ ಹೋಗದಿದ್ದರೆ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಉಚಿತ, ಹಗಲು-ರಾತ್ರಿ ಇರುತ್ತದೆ. ಕನ್ನಡದಲ್ಲೇ ಮಾತಾಡಬಹುದು.